ಗಾಡಿ ನೆರಳಿಗೆ, ಡಿಷ್ ಬಿಸಿಲಿಗೆ

ಅಮೆರಿಕದಲ್ಲಿ ಆರ್‌ವಿ ಎಂದರೆ ಚಕ್ರದ ಮೇಲಿನ ಮನೆ. ಒಲೆ, ಹಾಸಿಗೆ, ಬಚ್ಚಲು ಎಲ್ಲ ಅದರೊಳಗೇ. ರಜೆಗೆಂದು ಹತ್ತು ದಿನ ಬಾಡಿಗೆಗೆ ಹಿಡಿಯುವವರಿದ್ದಾರೆ, ನಿವೃತ್ತರಾದ ಮೇಲೆ ಊರಿನ ಮನೆ ಮಾರಿ ವರ್ಷವಿಡೀ ಅದರಲ್ಲೇ ಇರುವವರೂ ಇದ್ದಾರೆ. ಇಂಥ ಗಾಡಿಯಲ್ಲಿ ಉಪಗ್ರಹ ಟಿವಿ ಹಾಕಿಸುವುದು ಹೇಗೆ ಎಂಬುದೇ ಇಲ್ಲಿನ ವಿಷಯ. ವೇದವಾಕ್ಯಗಳ ಅರ್ಥ ವಿಚಾರಿಸುವ ಮೀಮಾಂಸಕರು ಯಾವ ಪ್ರಶ್ನೆ ಎತ್ತಿಕೊಂಡರೂ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಐದು ಅಂಗಗಳಲ್ಲಿ ಬಿಡಿಸುತ್ತಾರೆ. ನಾನು ಆ ಕ್ರಮವನ್ನೇ ಹಿಡಿದಿದ್ದೇನೆ. ಕಾರಣ, ಈ ವಿಚಾರದಲ್ಲಿ ಹೆಚ್ಚಿನವರು ಸಂಶಯ ಪಡುವ ಮೊದಲೇ ಸಾಮಾನು ಕೊಂಡುಬಿಡುತ್ತಾರೆ. ನಾನೂ ಹಾಗೆಯೇ ಕೊಂಡಿದ್ದೆ.

ವಿಷಯ

ಟಿವಿ ಉಪಗ್ರಹಗಳು ಭೂಮಧ್ಯರೇಖೆಯ ನೇರ ಮೇಲೆ 35,786 ಕಿ.ಮೀ. ಎತ್ತರದಲ್ಲಿವೆ. ಆ ಎತ್ತರದಲ್ಲಿ ಉಪಗ್ರಹ ಒಂದು ಸುತ್ತು ಬರುವ ಹೊತ್ತಿಗೆ ಭೂಮಿಯೂ ಒಂದು ಸುತ್ತು ತಿರುಗಿರುತ್ತದೆ. ಹಾಗಾಗಿ ನಮ್ಮ ಕಣ್ಣಿಗೆ ಅದು ಆಕಾಶದಲ್ಲಿ ಮೊಳೆ ಹೊಡೆದಂತೆ ಒಂದೇ ಕಡೆ ನಿಂತಿರುತ್ತದೆ. ಈ ಕಕ್ಷೆಯಿಂದ ಪ್ರಸಾರ ಮಾಡಬಹುದೆಂದು ಆರ್ಥರ್ ಸಿ. ಕ್ಲಾರ್ಕ್ 1945ರಲ್ಲೇ ಬರೆದಿದ್ದರು. ಅಮೆರಿಕದಲ್ಲಿ ಡೈರೆಕ್‌ಟಿವಿ 1994ರಲ್ಲಿ, ಡಿಷ್ ನೆಟ್‌ವರ್ಕ್ 1996ರಲ್ಲಿ ಮನೆಗಳಿಗೆ ಸೇವೆ ಶುರುಮಾಡಿದವು. ಡೈರೆಕ್‌ಟಿವಿ ತನ್ನ ಎಚ್‌ಡಿ ವಾಹಿನಿಗಳನ್ನು ಹೆಚ್ಚಾಗಿ ಕೆಎ ಬ್ಯಾಂಡ್ ಎಂಬ ಹೆಚ್ಚಿನ ಆವರ್ತನದಲ್ಲಿ ಕಳಿಸುತ್ತದೆ. ಅದಕ್ಕೆ ದೊಡ್ಡ ಡಿಷ್ ಬೇಕು, ಗುರಿಯೂ ಕೂದಲೆಳೆಯಷ್ಟು ನಿಖರವಾಗಿರಬೇಕು. ಆದ್ದರಿಂದ ಆರ್‌ವಿಯವರ ಸಣ್ಣ ಡಿಷ್‌ಗಳು ಬಹುಮಟ್ಟಿಗೆ ಡಿಷ್ ನೆಟ್‌ವರ್ಕ್‌ನ ಉಪಗ್ರಹಗಳನ್ನು ಹಿಡಿಯಲೆಂದೇ ತಯಾರಾದವು. ಆ ಉಪಗ್ರಹಗಳು ಎರಡು ಗುಂಪಾಗಿವೆ: ಪಶ್ಚಿಮದ ಗುಂಪು 110, 119, 129 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿ, ಪೂರ್ವದ ಗುಂಪು 61.5 ಮತ್ತು 72.7ರಲ್ಲಿ.

ಸಂಶಯ

ಡಿಷ್ ಎಲ್ಲಿರಬೇಕು? ಗಾಡಿಯ ಛಾವಣಿಗೆ ಬಿಗಿದು, ಗುಂಡಿ ಒತ್ತಿದರೆ ತಾನೇ ತಿರುಗಿ ಉಪಗ್ರಹ ಹುಡುಕುವ ಗುಮ್ಮಟದೊಳಗೋ, ಗಾಡಿಯಿಂದ ಬೇರೆಯಾಗಿ ಮುಕ್ಕಾಲಿ ಸ್ಟ್ಯಾಂಡಿನ ಮೇಲೆ ನೆಲದಲ್ಲೋ?

ಪೂರ್ವಪಕ್ಷ

ಛಾವಣಿಯ ಪಕ್ಷ ಬಲವಾದದ್ದೇ. ನೂರಾರು ಮೈಲಿ ಓಡಿಸಿ ದಣಿದವನು ಕತ್ತಲಲ್ಲಿ ದಿಕ್ಸೂಚಿ ಹಿಡಿದು ಅಲೆಯಬೇಕಿಲ್ಲ. ಮಳೆಯಲ್ಲಿ ನೆನೆಯಬೇಕಿಲ್ಲ. ಕಳ್ಳತನದ ಭಯ ಕಡಿಮೆ, ಗಾಳಿಗೆ ಬೀಳುವ ಭಯವಿಲ್ಲ. ಕೇಬಲ್ ಒಮ್ಮೆ ಎಳೆದರೆ ಮುಗಿಯಿತು. ಮಂಡಿನೋವಿನವರಿಗೂ ವಯಸ್ಸಾದವರಿಗೂ ಇದೇ ಅನುಕೂಲ. ಯಂತ್ರ ಮಾಡುವ ಕೆಲಸವನ್ನು ಕೈಯಿಂದ ಯಾಕೆ ಮಾಡಬೇಕು ಎಂದು ಕೇಳಿದರೆ ತಪ್ಪೇನಿಲ್ಲ.

ಸಿದ್ಧಾಂತ

ಆದರೂ ಡಿಷ್ ನೆಲದ ಮೇಲಿರಬೇಕು ಎಂಬುದೇ ನನ್ನ ನಿರ್ಣಯ. ಮೀಮಾಂಸೆಯಲ್ಲಿ ಪ್ರಧಾನ ಬೇರೆ, ಅಂಗ ಬೇರೆ. ಎರಡಕ್ಕೂ ವಿರೋಧ ಬಂದರೆ ಅಂಗವೇ ಬಿಟ್ಟುಕೊಡಬೇಕು. ಇಲ್ಲಿ ಪ್ರಧಾನವಾದದ್ದು ಡಿಷ್‌ನಿಂದ ಉಪಗ್ರಹದವರೆಗೆ ಅಡ್ಡಿಯಿಲ್ಲದ ಒಂದು ನೇರ ಗೆರೆ. ಮೋಟಾರು, ಗುಮ್ಮಟ, ಗುಂಡಿ, ರಿಸೀವರ್ ಎಲ್ಲವೂ ಅದರ ಅಂಗಗಳು. ಗೆರೆ ಇಲ್ಲದ ಕಡೆ ಎಂಥ ಮೋಟಾರೂ ಚಿತ್ರ ತರಲಾರದು.

ಇದು ನನಗೆ ತಿಳಿದದ್ದು ಯೆಲ್ಲೊಸ್ಟೋನ್‌ನಲ್ಲಿ, ಮ್ಯಾಡಿಸನ್ ಕ್ಯಾಂಪ್‌ಗ್ರೌಂಡಿನಲ್ಲಿ. ಅಕ್ಟೋಬರ್ ಮೊದಲ ವಾರ. ಬೆಂಗಳೂರಿನಿಂದ ಬಂದಿದ್ದ ಅಮ್ಮ ಜೊತೆಗಿದ್ದರು. ಪೈನ್ ಮರಗಳ ನಡುವೆ ಗಾಡಿ ನಿಲ್ಲಿಸಿ ಗುಂಡಿ ಒತ್ತಿದೆ. ಛಾವಣಿಯ ಮೇಲೆ ಮೋಟಾರು ಗುರ್ರೆಂದು ಒಂದು ಸುತ್ತು ಹುಡುಕಿತು, ಇನ್ನೊಂದು ಸುತ್ತು ಹುಡುಕಿತು, ಸಿಗದೆ ನಿಂತಿತು. ಮತ್ತೆ ಒತ್ತಿದೆ, ಮತ್ತೆ ಹಾಗೆಯೇ. ಪಕ್ಕದ ಜಾಗದ ಹಿರಿಯರೊಬ್ಬರು ತಮ್ಮಲ್ಲಿದ್ದ ಮುಕ್ಕಾಲಿ ಡಿಷ್ ತಂದುಕೊಟ್ಟರು. ಅದನ್ನು ಎಲ್ಲಿಡುವುದೆಂದು ನಾನು ಫೋನ್ ಹಿಡಿದು ಸುತ್ತುತ್ತಿದ್ದೆ. ಅಮ್ಮ ಚಳಿಗೆ ಶಾಲು ಹೊದ್ದು, ಗಾಡಿಯಿಂದ ಹದಿನೈದು ಹೆಜ್ಜೆ ಆಚೆ ಮಡಚು ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುತ್ತ ಕೂತಿದ್ದರು. "ಇಲ್ಲೇ ಇಡೋ, ಇದೊಂದೇ ಜಾಗ ಬಿಸಿಲು ಬರೋದು" ಎಂದರು. ಕುರ್ಚಿ ಸರಿಸಿ ಅಲ್ಲೇ ಇಟ್ಟೆ. ಚಿತ್ರ ಬಂತು.

ಅಮ್ಮ ಹೇಳಿದ್ದು ಬರೀ ಬಿಸಿಲಿನ ಮಾತು. ಆದರೆ ಅದರಲ್ಲಿ ಲೆಕ್ಕ ಅಡಗಿತ್ತು. ಮ್ಯಾಡಿಸನ್‌ನಿಂದ ನೋಡಿದರೆ 110ರ ಉಪಗ್ರಹ ಹೆಚ್ಚುಕಡಿಮೆ ನೇರ ದಕ್ಷಿಣಕ್ಕೆ, ದಿಗಂತದಿಂದ ಸುಮಾರು 39 ಡಿಗ್ರಿ ಮೇಲಿದೆ. ಅಕ್ಟೋಬರ್ ಮೊದಲ ವಾರದಲ್ಲಿ ಮಧ್ಯಾಹ್ನ ಒಂದೂಕಾಲರ ಹೊತ್ತಿಗೆ ಸೂರ್ಯನೂ ಅದೇ ದಿಕ್ಕಿನಲ್ಲಿ 40-41 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ಬಿಸಿಲು ಬಿದ್ದ ನೆಲಕ್ಕೆ ಉಪಗ್ರಹದ ಸಂಕೇತವೂ ಬೀಳುತ್ತದೆ. ಇನ್ನೊಂದು ಅರ್ಧ ಗಂಟೆ ಕಳೆದರೆ ಸೂರ್ಯ 119ರ ಕಡೆಗೆ ಸರಿಯುತ್ತಾನೆ. ಇದೇ ಯೋಗ ಮಾರ್ಚ್ ಮೊದಲ ಭಾಗದಲ್ಲಿ ಮತ್ತೊಮ್ಮೆ ಬರುತ್ತದೆ. ಜೂನ್‌ನಲ್ಲಿ ಈ ಗುರುತು ನಡೆಯದು, ಆಗ ನಡುಹಗಲ ಸೂರ್ಯ 69 ಡಿಗ್ರಿಗೆ ಏರಿರುತ್ತಾನೆ. ಬೇಸಿಗೆಯಲ್ಲಿ ಮುಷ್ಟಿಯ ಅಳತೆ ಸಾಕು: ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ದಿಗಂತದಿಂದ ಒಂದರ ಮೇಲೊಂದು ನಾಲ್ಕು ಮುಷ್ಟಿ ಇಟ್ಟ ಕಡೆ ಆಕಾಶ ಕಾಣಬೇಕು.

ಮರದ ಲೆಕ್ಕವೂ ಇಷ್ಟೇ ಸರಳ. 39 ಡಿಗ್ರಿಯ ಗೆರೆ 20 ಮೀಟರ್ ಎತ್ತರದ ಪೈನ್ ಮರದ ತುದಿಯನ್ನು ದಾಟಬೇಕಾದರೆ ಡಿಷ್ ಆ ಮರದಿಂದ 25 ಮೀಟರ್ ದೂರವಿರಬೇಕು. ಅಷ್ಟು ದೂರ ಗಾಡಿಗೆ ಸಿಗುವುದಿಲ್ಲ, ಏಕೆಂದರೆ ಕ್ಯಾಂಪ್‌ಗ್ರೌಂಡಿನ ಜಾಗಗಳನ್ನು ನೆರಳಿಗೆಂದೇ ಮರಗಳ ಪಕ್ಕ ಮಾಡಿರುತ್ತಾರೆ. ಮಲಗುವ ನಮಗೆ ನೆರಳು ಬೇಕು, ಡಿಷ್‌ಗೆ ಬಯಲು ಬೇಕು. ಡಿಷ್ಷನ್ನು ಛಾವಣಿಗೆ ಬಿಗಿದವನು ಈ ಎರಡನ್ನೂ ಒಂದೇ ಕಡೆ ಕಟ್ಟಿಹಾಕಿದ ಹಾಗಾಯಿತು.

ನಮ್ಮ ಕಡೆಯಿಂದ ಹೋದವರಿಗೆ ಈ ತೊಡಕು ಮೊದಲಿಗೆ ಹೊಳೆಯದಿರಲು ಕಾರಣವಿದೆ. ಬೆಂಗಳೂರು ಭೂಮಧ್ಯರೇಖೆಗೆ ಹತ್ತಿರ. ಡಿಡಿ ಫ್ರೀ ಡಿಷ್ ಬರುವ 93.5 ಡಿಗ್ರಿ ಪೂರ್ವದ ಉಪಗ್ರಹ ಅಲ್ಲಿಂದ ಸುಮಾರು 66 ಡಿಗ್ರಿ ಎತ್ತರದಲ್ಲಿದೆ, ತಲೆ ಎತ್ತಿ ನೋಡುವಷ್ಟು ಮೇಲೆ. ಕಾಂಪೌಂಡಿನ ತೆಂಗಿನ ಮರ ಅಡ್ಡ ಬರುವುದು ಅಪರೂಪ. ಉತ್ತರಕ್ಕೆ ಹೋದಷ್ಟೂ ಉಪಗ್ರಹ ತಗ್ಗುತ್ತದೆ. ಮೇನ್ ರಾಜ್ಯದ ಅಕೇಡಿಯಾ ಕಡಲತೀರದಿಂದ 119ರ ಉಪಗ್ರಹ ಬರೀ 19 ಡಿಗ್ರಿ ಮೇಲೆ. ಅದೇ 20 ಮೀಟರ್ ಮರದಿಂದ ಅಲ್ಲಿ 58 ಮೀಟರ್ ದೂರ ಹೋಗಬೇಕು. ಆದರೆ ಪೂರ್ವ ಗುಂಪಿನ 61.5 ಅಲ್ಲಿ 38 ಡಿಗ್ರಿ ಮೇಲಿದೆ. ಪೂರ್ವಕ್ಕೆ ಹೋಗುವವರು ಗುಂಪು ಬದಲಿಸಲು ಬರುವ ಡಿಷ್ಷನ್ನೇ ಕೊಳ್ಳಬೇಕು.

ಕೈಯಿಂದ ಗುರಿ ಇಡುವುದು ಕಷ್ಟವೆಂಬ ಹೆದರಿಕೆ ಬೇಡ. 45 ಸೆಂ.ಮೀ. ಡಿಷ್‌ನ ನೋಟದ ಅಗಲ ನಾಲ್ಕು ಡಿಗ್ರಿಗೆ ಸ್ವಲ್ಪ ಕಡಿಮೆ, ಕೈಗೆ ಸಿಗುವಂಥದ್ದೇ. ತಪ್ಪುವುದು ಮೂರು ಕಡೆ. ಒಂದು, ಕಂಬ ನೆಟ್ಟಗಿರುವುದಿಲ್ಲ. ರಸಮಟ್ಟ ಇಟ್ಟು ಕಂಬವನ್ನು ಲಂಬ ಮಾಡದಿದ್ದರೆ ಡಿಷ್‌ನ ಹಿಂದಿರುವ ಎತ್ತರದ ಅಳತೆಪಟ್ಟಿ ಸುಳ್ಳು ಹೇಳುತ್ತದೆ. ಎರಡು, ಕಣ್ಣಳತೆ. ಈ ಡಿಷ್‌ಗಳಲ್ಲಿ ಸಂಕೇತ ಹಿಡಿಯುವ ಎಲ್‌ಎನ್‌ಬಿ ಕೆಳಗಿನಿಂದ ಚಾಚಿಕೊಂಡಿರುತ್ತದೆ, ನಿಜವಾದ ನೋಟ ತಟ್ಟೆಯ ಮುಖಕ್ಕಿಂತ ಇಪ್ಪತ್ತು ಡಿಗ್ರಿಗೂ ಹೆಚ್ಚು ಮೇಲಕ್ಕಿರುತ್ತದೆ. ತಟ್ಟೆ ದಿಗಂತದ ಕಡೆ ಮುಖ ಮಾಡಿದಂತೆ ಕಂಡರೂ ಅದು ಆಕಾಶವನ್ನೇ ನೋಡುತ್ತಿದೆ, ಆದ್ದರಿಂದ ಕಣ್ಣನ್ನಲ್ಲ, ಅಳತೆಪಟ್ಟಿಯನ್ನು ನಂಬಿ. ಮೂರು, ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರವನ್ನು ತೋರಿಸುವುದಿಲ್ಲ. ಯೆಲ್ಲೊಸ್ಟೋನ್ ಕಡೆ ಅದು ಪೂರ್ವಕ್ಕೆ ಸುಮಾರು 11 ಡಿಗ್ರಿ, ಮೇನ್‌ನಲ್ಲಿ ಪಶ್ಚಿಮಕ್ಕೆ ಸುಮಾರು 15 ಡಿಗ್ರಿ ವಾಲಿರುತ್ತದೆ. ನಾಲ್ಕು ಡಿಗ್ರಿಯ ಗುರಿಯಲ್ಲಿ ಹನ್ನೊಂದು ಡಿಗ್ರಿ ತಪ್ಪಿದರೆ ರಾತ್ರಿಯಿಡೀ ತಿರುಗಿಸಿದರೂ ಏನೂ ಸಿಗದು. ಈ ಮೂರು ಸರಿಯಾದ ಮೇಲೆ ಡಿಷ್ಷನ್ನು ಒಂದೊಂದೇ ಡಿಗ್ರಿ ಸರಿಸಿ, ಪ್ರತಿ ಸಲ ನಾಲ್ಕೈದು ಎಣಿಸುವಷ್ಟು ಕಾಯಬೇಕು. ರಿಸೀವರ್‌ಗೆ ಸಂಕೇತ ಗುರುತಿಸಲು ಅಷ್ಟು ಹೊತ್ತು ಬೇಕು. ಅವಸರದಲ್ಲಿ ತಿರುಗಿಸಿದವರು ಉಪಗ್ರಹದ ಎದುರಿನಿಂದಲೇ ದಾಟಿ ಹೋಗುತ್ತಾರೆ.

ಊರಲ್ಲಿ ಡಿಷ್ ಕೂರಿಸುವವರು ಎಲ್‌ಎನ್‌ಬಿಯನ್ನು ತುಸು ಓರೆಯಾಗಿ ತಿರುಗಿಸುವುದನ್ನು ನೋಡಿದ್ದೇವೆ, ಅಲ್ಲಿನ ತರಂಗಗಳು ಒಂದೇ ಸಮತಲದಲ್ಲಿ ಕಂಪಿಸುವುದರಿಂದ ಅದು ಅಗತ್ಯ. ಅಮೆರಿಕದ ಈ ಸೇವೆಗಳ ತರಂಗಗಳು ತಿರುಚಿಕೊಂಡು ಬರುತ್ತವೆ. ಒಂದೇ ಉಪಗ್ರಹ ಹಿಡಿಯುವ ಡಿಷ್‌ಗೆ ಆ ಓರೆಯ ಚಿಂತೆಯೇ ಇಲ್ಲ. ಊರೂರು ಸುತ್ತುವವರಿಗೆ ಇದು ದೊಡ್ಡ ಉಪಕಾರ.

ಇನ್ನು ಗಾಡಿಯೊಳಗಿನ ದಾರಿ. ಕೇಬಲ್ ಆರ್‌ಜಿ-6 ಇರಲಿ. ಸಾದಾ ಡಿಷ್‌ಗೆ ಮೂವತ್ತು ಮೀಟರ್‌ವರೆಗೆ ಎಳೆದರೂ ತೊಂದರೆಯಿಲ್ಲ. ಎಡವುವುದು ಗಾಡಿಯ ಹೊರಗೋಡೆಯ ಕಿಂಡಿಯಲ್ಲಿ. ಅಲ್ಲಿ ಕ್ಯಾಂಪ್‌ಗ್ರೌಂಡಿನ ಕೇಬಲ್ ಟಿವಿಗೆ ಒಂದು, ಉಪಗ್ರಹಕ್ಕೆ ಒಂದು ಎಂದು ಎರಡು ಕಿಂಡಿಗಳಿರುತ್ತವೆ, ನೋಡಲು ಒಂದೇ ತರಹ. ಮೊದಲನೆಯದು ಒಳಗೆ ಸಾದಾ ಆಂಟೆನಾದ ಆಂಪ್ಲಿಫೈಯರ್ ಮೂಲಕ ಹೋಗಿರುತ್ತದೆ. ರಿಸೀವರ್ ಅದೇ ಕೇಬಲಿನಲ್ಲಿ 13 ಅಥವಾ 18 ವೋಲ್ಟ್ ಕಳಿಸಿ ಎಲ್‌ಎನ್‌ಬಿಯನ್ನು ಎಬ್ಬಿಸಬೇಕು. ನಡುವೆ ಆಂಪ್ಲಿಫೈಯರ್ ಕೂತಿದ್ದರೆ ಆ ವೋಲ್ಟೇಜ್ ಆಚೆ ದಾಟದು. ನಾನು ಒಂದು ಸಂಜೆಯಿಡೀ ಡಿಷ್ ತಿರುಗಿಸುತ್ತಲೇ ಇದ್ದೆ, ತಪ್ಪು ಇದ್ದದ್ದು ಈ ಕಿಂಡಿಯಲ್ಲಿ. ಅನುಮಾನ ಬಂದರೆ ರಿಸೀವರನ್ನು ಹೊರಗೆ ತಂದು ಡಿಷ್‌ಗೆ ನೇರ ಜೋಡಿಸಿ ನೋಡಿ, ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಆಕ್ಷೇಪಗಳು

ಗಾಳಿ ಮತ್ತು ಕಳ್ಳರ ಆಕ್ಷೇಪಕ್ಕೆ ಉತ್ತರ ಚಿಕ್ಕದು: ಮುಕ್ಕಾಲಿಯ ನಡುವೆ ನೀರು ತುಂಬಿದ ಕ್ಯಾನ್ ತೂಗುಹಾಕಿ, ಸೈಕಲ್ಲಿನ ಬೀಗದ ತಂತಿಯಿಂದ ಮರಕ್ಕೆ ಕಟ್ಟಿ.

ದಿನಕ್ಕೊಂದು ಊರು ಬದಲಿಸುವವರು, ರಾತ್ರಿ ಹೆದ್ದಾರಿ ಪಕ್ಕದ ಬಯಲಲ್ಲಿ ಮಲಗಿ ಬೆಳಿಗ್ಗೆ ಹೊರಡುವವರು ಏನು ಮಾಡಬೇಕು? ಅವರಿಗೆ ಛಾವಣಿಯ ಗುಮ್ಮಟವೇ ಸರಿ ಎಂದು ಒಪ್ಪುತ್ತೇನೆ. ಬಯಲಿನಲ್ಲಿ ಗೆರೆಗೆ ಅಡ್ಡಿಯಿಲ್ಲ, ಅಂಗಕ್ಕೂ ಪ್ರಧಾನಕ್ಕೂ ವಿರೋಧವಿಲ್ಲ. ಬಗ್ಗಲು ಆಗದವರಿಗೂ ಅದೇ ಸರಿ. ಆದರೆ ಗುಮ್ಮಟದೊಳಗಿನ ತಟ್ಟೆ ಚಿಕ್ಕದು, ಜೋರು ಮಳೆಗೆ ಮನೆಯ ಡಿಷ್‌ಗಿಂತ ಮೊದಲೇ ಅದರಲ್ಲಿ ಚಿತ್ರ ಹೋಗುತ್ತದೆ. ಛಾವಣಿಯಲ್ಲಿ ಗುಮ್ಮಟ ಇರುವವರೂ ನೆಲದ ಡಿಷ್‌ಗೆಂದು ಒಂದು ಕೇಬಲ್ ದಾರಿ ಬಿಟ್ಟಿರಲಿ.

ಈಗ ಹೆಚ್ಚು ಕೇಳಿಬರುವ ಆಕ್ಷೇಪ ಬೇರೆ. ಸ್ಟಾರ್‌ಲಿಂಕ್ 2022ರಲ್ಲಿ ಆರ್‌ವಿಗಳಿಗೇ ಇಂಟರ್ನೆಟ್ ಸೇವೆ ತಂದಿತು, ಟಿವಿಯೂ ಅದರಲ್ಲೇ ಬರುತ್ತದೆ, ಇನ್ನು ಡಿಷ್ ಯಾಕೆ? ಅರಿಜೋನಾದ ಮರುಭೂಮಿಯಲ್ಲಿ ಚಳಿಗಾಲ ಕಳೆಯುವವರಿಗೆ, ಗಾಡಿಯಲ್ಲಿ ಕೂತು ಕಚೇರಿ ಕೆಲಸ ಮಾಡುವವರಿಗೆ ಈ ವಾದ ಪೂರ್ತಿ ನಿಲ್ಲುತ್ತದೆ. ಅವರು ಡಿಷ್ ಕೊಳ್ಳಬೇಕಿಲ್ಲ. ಕಾಡಿನಲ್ಲಿ ಮಾತ್ರ ಇದು ತಲೆಕೆಳಗಾಗುತ್ತದೆ. ಸ್ಟಾರ್‌ಲಿಂಕ್‌ನ ಉಪಗ್ರಹಗಳು ಕೆಲವೇ ನೂರು ಕಿ.ಮೀ. ಎತ್ತರದಲ್ಲಿ ಸದಾ ಓಡುತ್ತಿರುತ್ತವೆ. ಒಂದು ಮುಳುಗುವಷ್ಟರಲ್ಲಿ ಇನ್ನೊಂದನ್ನು ಹಿಡಿಯಬೇಕು, ಅದಕ್ಕೆ ಆಕಾಶದ ದೊಡ್ಡ ಹರಹು ತೆರೆದಿರಬೇಕು. ಉಪಗ್ರಹ ಮರದ ಹಿಂದೆ ಹೋದಾಗಲೆಲ್ಲ ಸಂಪರ್ಕ ತುಂಡಾಗುತ್ತದೆ. ಟಿವಿ ಉಪಗ್ರಹ ನಿಂತಲ್ಲೇ ನಿಂತಿದೆ. ಎರಡು ಮರಗಳ ನಡುವೆ ಅಮ್ಮನ ಕುರ್ಚಿಯಷ್ಟು ಬಿಸಿಲು ಬಿದ್ದರೆ ಅದಕ್ಕೆ ಸಾಕು.

ವಿದ್ಯುತ್ತಿನ ಪ್ರಶ್ನೆಯೂ ಇಲ್ಲೇ ಸೇರುತ್ತದೆ. ಟಿವಿ ಮತ್ತು ರಿಸೀವರಿನ ಹಿಂದೆ ಬರೆದ ವ್ಯಾಟ್ ಕೂಡಿಸಿ, ಗಂಟೆಗಳಿಂದ ಗುಣಿಸಿ, 12ರಿಂದ ಭಾಗಿಸಿ. ಎರಡೂ ಸೇರಿ 60 ವ್ಯಾಟ್ ಇದ್ದು ನಾಲ್ಕು ಗಂಟೆ ನೋಡಿದರೆ 20 ಆಂಪಿಯರ್-ಗಂಟೆ. 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿಸಬಾರದು. ಅಂದರೆ ಎರಡು ಸಂಜೆಗೆ ಬರುತ್ತದೆ, ಆಮೇಲೆ ಚಾರ್ಜ್ ಮಾಡಲೇಬೇಕು.

ಕಾಡಿಗೆ ಹೋಗಿಯೂ ಟಿವಿಯೇ ಎಂದು ಕೇಳುವವರಿದ್ದಾರೆ. ಅವರ ಕಾಳಜಿ ನನಗೂ ಇದೆ. ಆದರೆ ಆರ್‌ವಿ ಅನೇಕರಿಗೆ ಪ್ರವಾಸವಲ್ಲ, ಮನೆ. ಐದೂವರೆಗೇ ಕತ್ತಲಾಗುವ ಚಳಿಗಾಲದಲ್ಲಿ, ಫೋನಿಗೆ ನೆಟ್‌ವರ್ಕ್ ಇಲ್ಲದ ಕಣಿವೆಯಲ್ಲಿ, ಹೊರಗೆ ಕಾಲಿಡಲಾಗದ ಹಿರಿಯರಿಗೆ ಸಂಜೆಯ ಒಂದು ಗಂಟೆ ಚಿತ್ರ ಬೇಕಾಗುತ್ತದೆ. ಹಗಲು ಕಾಡು ನೋಡಿದವರಿಗೆ ಅದನ್ನು ಬೇಡವೆನ್ನಲು ನಮಗೆ ಹಕ್ಕಿಲ್ಲ.

ಸಂಗತಿ

ಡಿಷ್ ಸರಿಯಾಗಿ ಕೂತರೂ ಒಂದು ವಿಷಯ ಉಳಿಯುತ್ತದೆ. ಸ್ಥಳೀಯ ವಾಹಿನಿಗಳನ್ನು ಉಪಗ್ರಹ ದೇಶವಿಡೀ ಚೆಲ್ಲುವುದಿಲ್ಲ, ಆಯಾ ಪ್ರದೇಶಕ್ಕೆ ಮಾತ್ರ ಬೀಳುವ ಕಿರಿದಾದ ಕಿರಣದಲ್ಲಿ ಕಳಿಸುತ್ತದೆ. ಊರು ಬಿಟ್ಟು ದೂರ ಹೋದಂತೆ ಅವು ಮಾಯವಾಗುತ್ತವೆ. ಕಿರಣದ ಅಂಚಿನೊಳಗೇ ಇದ್ದರೆ ಇನ್ನೂ ಅಪಾಯ: ಪರದೆಯ ಮೇಲೆ ಬರುವುದು ನಿಮ್ಮ ಊರಿನ ಹವಾಮಾನ, ನೀವು ನಿಂತಿರುವ ಜಾಗದ್ದಲ್ಲ. ಸುಂಟರಗಾಳಿಯ ಎಚ್ಚರಿಕೆಗೆ ಇದನ್ನೇ ನೆಚ್ಚಿ ಕೂರಬಾರದು. ಹೊಸ ಜಾಗದಲ್ಲಿ ಹೆಚ್ಚು ದಿನ ನಿಲ್ಲುವುದಾದರೆ ಕಂಪನಿಗೆ ಹೇಳಿ ಸೇವೆಯ ವಿಳಾಸ ಬದಲಿಸಿಕೊಳ್ಳಬೇಕು. ಸದಾ ಸಂಚಾರದಲ್ಲಿರುವವರಿಗೆ ಕಾನೂನೇ ದಾರಿ ಬಿಟ್ಟಿದೆ. ದೂರದ ಊರುಗಳ ರಾಷ್ಟ್ರೀಯ ಜಾಲದ ವಾಹಿನಿಗಳನ್ನು ಕೊಡುವ ಸೌಲಭ್ಯವನ್ನು 2019ರ ಕಾಯ್ದೆ ಬಹುತೇಕ ಮನೆಗಳಿಗೆ ನಿಲ್ಲಿಸಿದರೂ ಆರ್‌ವಿಗಳಿಗೂ ಸರಕು ಲಾರಿಗಳಿಗೂ ಉಳಿಸಿಕೊಟ್ಟಿತು. ಗಾಡಿಯ ನೋಂದಣಿ ಪತ್ರದ ಪ್ರತಿ ಕೊಟ್ಟು ಅದನ್ನು ಕೇಳಿ ಪಡೆಯಬೇಕು.

ಮುಂದಿನ ಸಲ ಕ್ಯಾಂಪ್‌ಗ್ರೌಂಡ್ ತಲುಪಿದಾಗ ಗಾಡಿಯನ್ನು ಹಿಮ್ಮುಖವಾಗಿ ಒಳಗೆ ಬಿಡುವ ಮೊದಲು ಒಬ್ಬರು ಕೆಳಗಿಳಿಯಿರಿ. ಉಪಗ್ರಹದ ದಿಕ್ಕಿಗೆ ಮುಖಮಾಡಿ, ಕೈ ಚಾಚಿ, ಅಲ್ಲಿ ಅದರ ಎತ್ತರಕ್ಕೆ ತಕ್ಕಷ್ಟು ಮುಷ್ಟಿ ಎಣಿಸಿ. ಅಲ್ಲಿ ಆಕಾಶ ಕಂಡ ಜಾಗಕ್ಕೆ ಒಂದು ಕಲ್ಲು ಇಟ್ಟು, ಆಮೇಲೆ ಗಾಡಿಗೆ ನೆರಳು ಹುಡುಕಿ.