ಅಳಿಸಿದ್ದು ಅಳಿಯಿತೆ?

ಬರೆದುದನ್ನು ಅಳಿಸಿದೊಡನೆ ಅದು ಇಲ್ಲವಾಯಿತೆಂದು ನಂಬುವುದು ಮನುಷ್ಯಸಹಜವಾದುದು. ಹಲಗೆಯ ಮೇಲಿನ ಬಳಪದ ಅಕ್ಷರವು ಒದ್ದೆಬಟ್ಟೆಗೆ ಮಾಯವಾಗುವುದನ್ನು ಕಂಡು ಬೆಳೆದವರಿಗೆ ಈ ನಂಬಿಕೆ ಇನ್ನೂ ದೃಢವಾಗಿರುತ್ತದೆ. ಆದರೆ ಗಣಕಯಂತ್ರದ ಕಡತದ ಗತಿಯೇ ಬೇರೆ. ಅದನ್ನು ಅರಿತಾಗ ನಮ್ಮ ಆಚಾರವನ್ನು ಕುರಿತೂ ಒಂದು ಪ್ರಶ್ನೆ ಏಳುತ್ತದೆ.

ಕೆಲವು ವರ್ಷಗಳ ಹಿಂದೆ ನಿಟ್ಟೂರಿನ ನಮ್ಮ ಶಾಲೆಯಲ್ಲಿ ಮಕ್ಕಳಿಂದ ಸಂಗ್ರಹಿಸಿದ್ದ ಹಣ ಕಾಣೆಯಾಯಿತು. ನಾನು ಒಬ್ಬ ಹುಡುಗನನ್ನು ಸಂದೇಹಿಸಿ, ತರಗತಿಯಲ್ಲಿ ನಿಲ್ಲಿಸಿ ಗದರಿಸಿದೆನು. ಅವನ ತಂದೆಗೆ ಕಳುಹಿಸಲೆಂದು ಗಣಕದಲ್ಲಿ ಕಠೋರವಾದ ಪತ್ರವೊಂದನ್ನೂ ಬರೆದಿಟ್ಟೆನು. ಮರುದಿನ ಆ ಹಣ ನನ್ನ ಪುಸ್ತಕಗಳ ನಡುವೆಯೇ ದೊರೆಯಿತು. ಕೂಡಲೇ ಪತ್ರವನ್ನು ಅಳಿಸಿದೆನು. ಹುಡುಗನಿಗೆ ಮಾತ್ರ ಏನನ್ನೂ ಹೇಳಲಿಲ್ಲ.

ತಿಂಗಳುಗಳ ಅನಂತರ ಪ್ರಶ್ನಪತ್ರಿಕೆಗಳು ಪ್ರಮಾದದಿಂದ ಅಳಿಸಿಹೋದುವು. ತುಮಕೂರಿನಿಂದ ಬಂದ ರಿಪೇರಿಯವರು ಅವುಗಳನ್ನು ಹುಡುಕಿ ತೆಗೆದಾಗ ಜೊತೆಯಲ್ಲಿ ಆ ಪತ್ರವೂ ಒಂದಕ್ಷರ ಕೆಡದೆ ಎದ್ದುಬಂದಿತು!

ಇದರಲ್ಲಿ ಪವಾಡವೇನೂ ಇಲ್ಲ. ಹಾರ್ಡ್ ಡಿಸ್ಕಿನಲ್ಲಿ ಬರಹವು ಒಂದೆಡೆ ಇದ್ದರೆ, ಅದರ ಹೆಸರೂ ಅದು ಇರುವ ಸ್ಥಳದ ಗುರುತೂ ಮತ್ತೊಂದೆಡೆ ಪರಿವಿಡಿಯಂತೆ ಇರುತ್ತವೆ. ನಾವು ಅಳಿಸಿದಾಗ ಯಂತ್ರವು ಸಾಮಾನ್ಯವಾಗಿ ಪರಿವಿಡಿಯ ಸಾಲನ್ನು ಹೊಡೆದುಹಾಕಿ ಆ ಸ್ಥಳ ತೆರವಾಯಿತೆಂದು ಗುರುತಿಸಿಕೊಳ್ಳುತ್ತದೆ, ಅಷ್ಟೆ. ಅದರ ಮೇಲೆ ಹೊಸ ಬರಹ ಬೀಳುವವರೆಗೂ ಹಳೆಯದು ಹೆಸರಿಲ್ಲದೆ ಉಳಿದಿರುತ್ತದೆ. ಈಚಿನ ಎಸ್‌ಎಸ್‌ಡಿಗಳಲ್ಲಿ ತೆರವಾದ ಸ್ಥಳವನ್ನು ಯಂತ್ರವೇ ಬೇಗ ಬರಿದುಮಾಡುವುದುಂಟು. ಆಗ ಮರಳಿ ಪಡೆಯುವುದು ಬಹು ಕಷ್ಟ. ಆದರೂ ಬೇರೆಯವರಿಗೆ ಕಳುಹಿಸಿದ ಪ್ರತಿಯು ಅವರಲ್ಲಿ ಉಳಿದೇ ಇರುವುದು.

ಹಾಗಾದರೆ ಅಳಿಸುವುದೇ ದೋಷವೆ? ಹಾಗೆನ್ನಲಾಗದು. ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ತಂದೆಯೊಬ್ಬರು ಪ್ರಾರ್ಥನೆ ಸಲ್ಲಿಸಿದ್ದರು. ಹಿಂದಿನ ಆದೇಶವೊಂದರಲ್ಲಿದ್ದ ತಮ್ಮ ಮಗಳ ಹೆಸರು ಅಂತರ್ಜಾಲದಲ್ಲಿ ಹುಡುಕಿದವರಿಗೆಲ್ಲ ಕಾಣುವುದೆಂಬುದು ಅವರ ಸಂಕಟ. ಆ ಹುಡುಕಾಟದಲ್ಲಿ ಹೆಸರು ಕಾಣದಂತೆ ಕ್ರಮ ಕೈಗೊಳ್ಳಬೇಕೆಂದೂ, ಆದೇಶದ ದೃಢೀಕೃತ ಪ್ರತಿಯಲ್ಲಿ ಮಾತ್ರ ಅದು ಇದ್ದೇ ಇರುವುದೆಂದೂ ನ್ಯಾಯಾಲಯ ೨೦೧೭ರ ಜನವರಿಯಲ್ಲಿ ಹೇಳಿತು. ಇಲ್ಲಿಯೂ ಮರೆಯಾದುದು ಪರಿವಿಡಿಯ ಸಾಲು; ಮೂಲವು ಉಳಿಯಿತು. ಆದರೆ ಅದರಿಂದ ಒಂದು ಹೆಣ್ಣುಮಗಳ ಮಾನಕ್ಕೆ ನೆರಳು ದೊರೆಯಿತು.

ಎರಡೂ ಅಳಿಸುವಿಕೆಯೇ. ಭೇದವಿರುವುದು ಅದು ಯಾರಿಗಾಗಿ ಎಂಬಲ್ಲಿ. ಪರರ ನೋವನ್ನು ಕಂಡು ಅವರ ಹೆಸರನ್ನು ಮರೆಮಾಡುವುದು ದಯೆ. ತನ್ನ ತಪ್ಪನ್ನು ತಾನೇ ಮರೆಮಾಡಿ ಶುದ್ಧನಾದೆನೆಂದು ಭ್ರಮಿಸುವುದು ಆತ್ಮವಂಚನೆ. ಒಳಗೊಂದು ಹೊರಗೊಂದಾಗಿ ಬಾಳುವುದನ್ನು ಶರಣರು ಒಪ್ಪಲಿಲ್ಲ. ನಾನು ಅಳಿಸಿದ್ದು ಪತ್ರವನ್ನು. ತರಗತಿಯಲ್ಲಿ ಆಡಿದ ಮಾತು ಯಾವ ಯಂತ್ರದಲ್ಲಿಯೂ ಇರಲಿಲ್ಲ, ಆ ಮಗುವಿನ ಮನಸ್ಸಿನಲ್ಲಿತ್ತು.

ಮರುದಿನ ಅದೇ ತರಗತಿಯಲ್ಲಿ, ಅವೇ ಮಕ್ಕಳ ಎದುರಿಗೆ ಅವನ ಕ್ಷಮೆ ಬೇಡಿದೆನು. ಅವನು ತಲೆ ತಗ್ಗಿಸಿ, “ಹಣ ಸಿಕ್ಕಿದ್ದು ನನಗೆ ಆವತ್ತೇ ಗೊತ್ತಾಗಿತ್ತು, ಗುರುಗಳೇ” ಎಂದನು.

ಅಷ್ಟು ದಿನವೂ ಅವನು ನನ್ನ ಒಂದು ಮಾತಿಗಾಗಿ ಕಾದಿದ್ದನು. ಹಳೆಯ ಬರಹದ ಮೇಲೆ ಹೊಸದನ್ನು ಬರೆಯದ ಹೊರತು ಅದು ಅಳಿಯದೆಂಬುದು ಯಂತ್ರದ ಧರ್ಮವಷ್ಟೇ ಅಲ್ಲ. ಮನುಷ್ಯನ ಧರ್ಮವೂ ಅದೇ.