ಹೋಗು, ಮಾಡು, ಮರಳು

ಕೊಟ್ಟೂರಿನಲ್ಲಿ ತೇರು ಮುಗಿದ ಮರುದಿನ ಮಂಡಕ್ಕಿ-ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಅಂಗಡಿಯಾತ ಬಾಣಲೆಯಿಂದ ಮಿರ್ಚಿ ಎತ್ತುತ್ತಲೇ ಕೇಳಿದ: "ಮೇಷ್ಟ್ರೇ, ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಅಂತಾರಲ್ಲ, ಇವು ಮೆಟ್ಲೇನ್ರೀ? ಹಂಗಾದ್ರೆ ನಾನು ಮೊದಲ್ನೇ ಮೆಟ್ಲಾಗೇ ಸಾಯ್ತೀನಿ ಬಿಡ್ರಿ."

ಭಕ್ತಿಯ ಈ ಆರು ನೆಲೆಗಳನ್ನು, ಅಂದರೆ ವಚನಕಾರ ಶರಣರ ಷಟ್‌ಸ್ಥಲವನ್ನು, ಏರುವ ಕ್ರಮವೆಂದು ಹೇಳುವವರಿದ್ದಾರೆ. ಒಂದೊಂದು ಸ್ಥಲದೊಳಗೂ ಆರೂ ಅಡಗಿವೆ ಎನ್ನುವವರೂ ಇದ್ದಾರೆ. ಆಗ ಆರಾರಲೆ 36, ಅದನ್ನು ಇನ್ನೊಮ್ಮೆ ಆರರಿಂದ ಗುಣಿಸಿದರೆ 216. ಡಿಗ್ರಿ ಹುಡುಗರಿಗೆ ಮೂವತ್ತು ವರ್ಷ ಗ್ರೂಪ್ ಥಿಯರಿ ಹೇಳಿಕೊಟ್ಟ ನನಗೆ 36 ಎಂದೊಡನೆ ಕಣ್ಣಿಗೆ ಕಟ್ಟುವುದು ಒಂದು ಕೋಷ್ಟಕ. ಗಣಿತದ ಗುಂಪು (ಗ್ರೂಪ್) ಎಂದರೆ, ಯಾವ ಎರಡನ್ನು ಒಂದರ ಹಿಂದೊಂದು ಮಾಡಿದರೂ ಫಲ ಒಳಗೇ ಉಳಿಯುವ, ಪ್ರತಿಯೊಂದಕ್ಕೂ ವಾಪಸ್ ದಾರಿಯಿರುವ ಕ್ರಿಯೆಗಳ ಕೂಟ. ಆ ಫಲಗಳನ್ನು ಬರೆದಿಡಲು ಆರು ಅಂಶಗಳ ಗುಂಪಿಗೆ ಆರು ಅಡ್ಡಸಾಲು, ಆರು ಕಂಬಸಾಲು, 36 ಚೌಕ. ಪ್ರತಿ ಸಾಲಿನಲ್ಲೂ ಆರೂ ಒಂದೊಂದು ಸಲ ಬಂದೇ ಬರುತ್ತವೆ.

ಆದರೆ ಅಷ್ಟರಿಂದಲೇ ಗುಂಪಿನ ಸ್ವಭಾವ ತಿಳಿಯದು. ಆರು ಅಂಶಗಳದೇ ಎರಡು ಗುಂಪು ನೋಡಿ. 2021ರಲ್ಲಿ ಹುಟ್ಟಿದ ನಮ್ಮ ವಿಜಯನಗರ ಜಿಲ್ಲೆಗೆ ಆರು ತಾಲ್ಲೂಕು. ಒಂದು ಬಸ್ಸು ಹೊಸಪೇಟೆ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ ಸುತ್ತಿ ಮತ್ತೆ ಹೊಸಪೇಟೆಗೆ ಬರುತ್ತದೆ ಎನ್ನಿ. ಎರಡೆರಡು ಊರು ಮುಂದೆ ಹೋಗುತ್ತಿದ್ದರೆ ಹೊಸಪೇಟೆ, ಹಡಗಲಿ, ಕೊಟ್ಟೂರು ಮೂರೇ ಸಿಗುತ್ತವೆ. ಮೂರು ಮೂರು ಹೋದರೆ ಹೊಸಪೇಟೆ, ಹರಪನಹಳ್ಳಿ ಎರಡೇ. ಇವು ಒಳಗಿನ ಚಿಕ್ಕ ಗುಂಪುಗಳು. ಅವುಗಳ ಎಣಿಕೆ ದೊಡ್ಡದರ ಎಣಿಕೆಯನ್ನು ಶೇಷವಿಲ್ಲದೆ ಭಾಗಿಸಲೇಬೇಕು, ಅದು ಗಣಿತಜ್ಞ ಲಗ್ರಾಂಜನ ನಿಯಮ. ಹೊಸಪೇಟೆ ಬಿಟ್ಟು ಐದೇ ಊರು ಸುತ್ತಿದರೆ, ಒಂದರಿಂದ ನಾಲ್ಕರವರೆಗೆ ಎಷ್ಟೆಷ್ಟು ಹಾರಿದರೂ ಐದೂ ಸಿಕ್ಕೇ ಸಿಗುತ್ತವೆ, ಏಕೆಂದರೆ ಐದು ಅವಿಭಾಜ್ಯ. ಇನ್ನು ಆರರ ಸುತ್ತಿನಲ್ಲಿ ಹೊಸಪೇಟೆಯಿಂದ ಮೊದಲು ಎರಡು ಊರು ದಾಟಿ ಆಮೇಲೆ ಮೂರು ದಾಟಿ, ಇಲ್ಲವೆ ಮೊದಲು ಮೂರು, ಆಮೇಲೆ ಎರಡು. ಇಳಿಯುವುದು ಕೂಡ್ಲಿಗಿಯಲ್ಲೇ.

ಈಗ ಹಳೆಯ ಲಗ್ನಪತ್ರಿಕೆಯಿಂದ ಮೂರೂ ಬದಿ ಸಮನಾದ ತ್ರಿಕೋನ ಕತ್ತರಿಸಿ. ಇದ್ದ ಜಾಗದಲ್ಲೇ ಕೂರುವಂತೆ ತಿರುಗಿಸುವುದಕ್ಕೆ ಮೂರು ಬಗೆ (ಸುಮ್ಮನಿರುವುದೂ ಸೇರಿ), ಮಗುಚುವುದಕ್ಕೆ ಮೂರು ಬಗೆ. ಒಟ್ಟು ಆರು. ಇಲ್ಲೂ ಮೂರರ, ಎರಡರ ಚಿಕ್ಕ ಗುಂಪುಗಳಿವೆ: ತಿರುಗಿಸುವ ಮೂರೂ ಸೇರಿ ಮೂರರದು, ಒಂದು ಮಗುಚುವಿಕೆಯೂ ಸುಮ್ಮನಿರುವುದೂ ಸೇರಿ ಎರಡರದು. ಆದರೆ ತಿರುಗಿಸಿ ಮಗುಚಿದರೆ ಒಂದು, ಮಗುಚಿ ತಿರುಗಿಸಿದರೆ ಇನ್ನೊಂದು.

ವ್ಯತ್ಯಾಸ ಎಲ್ಲಿಂದ ಬಂತು? ಪರೀಕ್ಷೆ ಸರಳ: ಹೋಗು, ಮಾಡು, ಮರಳು. ಪತ್ರಿಕೆಯನ್ನು ಮಗುಚಿ, ತಿರುಗಿಸಿ, ವಾಪಸ್ ಮಗುಚಿದರೆ ಉಳಿಯುವುದು ತಿರುಗಿಸುವಿಕೆಯೇ. ದಿಕ್ಕು ಬದಲಾಯಿತು, ಮೂರರ ಗುಂಪು ತನ್ನ ಮನೆ ಬಿಡಲಿಲ್ಲ. ಆದರೆ ತಿರುಗಿಸಿ, ಮಗುಚಿ, ವಾಪಸ್ ತಿರುಗಿಸಿದರೆ ಮಗುಚುವ ಅಕ್ಷವೇ ಬೇರೆಯಾಗುತ್ತದೆ. ಎರಡರ ಗುಂಪು ತನ್ನ ಮನೆ ಬಿಟ್ಟು ಪಕ್ಕದ ಮನೆ ಸೇರಿತು. ಹೋಗಿ ಬಂದರೂ ಮನೆ ಬಿಡದ ಚಿಕ್ಕ ಗುಂಪಿಗೆ ನಾರ್ಮಲ್ ಎಂದು ಹೆಸರು. 1832ರಲ್ಲಿ, ದ್ವಂದ್ವಯುದ್ಧದ ಹಿಂದಿನ ದಿನ, ಇಪ್ಪತ್ತರ ಹುಡುಗ, ಫ್ರಾನ್ಸಿನ ಗಣಿತಜ್ಞ ಗಾಲ್ವಾ, ಗೆಳೆಯನಿಗೆ ಬರೆದ ಪತ್ರದಲ್ಲಿ ಈ ಭೇದವಿದೆ. ಆರರ ಗುಂಪಿನಲ್ಲಿ ಎರಡರದೂ ಮೂರರದೂ ನಾರ್ಮಲ್ ಆದರೆ ಅದು ಬಸ್ಸಿನ ಸುತ್ತು. ಎರಡರದು ಜಾರಿದರೆ ಅದು ತ್ರಿಕೋನ. ತುಂಡುಗಳ ಅಳತೆ ಒಂದೇ, ಇಡಿಯ ಸ್ವಭಾವ ಬೇರೆ.

ಶರಣರು ಗ್ರೂಪ್ ಥಿಯರಿ ಬಲ್ಲವರಾಗಿದ್ದರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. 36 ಎರಡೂ ಕಡೆ ಬಂದದ್ದು ಆರನ್ನು ಆರರಿಂದ ಗುಣಿಸಿದ್ದಕ್ಕೆ, ಅಷ್ಟೆ. ಆದರೆ ಒಂದು ಭಾಗ ಇಡಿಯ ನಡುವೆ ಹೇಗೆ ನಡೆದುಕೊಳ್ಳುತ್ತದೆ ಎಂಬ ಪ್ರಶ್ನೆ ಎರಡೂ ಕಡೆಯದು. ಕೊಟ್ಟೂರಿಗೆ ದೂರದೂರದಿಂದ ಬರಿಗಾಲಲ್ಲಿ ನಡೆದು ಬರುತ್ತಾರೆ, ತೇರು ನೋಡುತ್ತಾರೆ, ಮರಳುತ್ತಾರೆ. ಹೋಗು, ಮಾಡು, ಮರಳು. ಊರಿಗೆ ಹೋದ ಮೇಲೆ ತಕ್ಕಡಿಯ ಮುಂದೆ, ಸಾಲಗಾರನ ಮುಂದೆ ಅವರ ಭಕ್ತಿ ಏನಾಗಿ ಉಳಿಯಿತು?

ಅಂಗಡಿಯಾತನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ಎಷ್ಟನೇ ಮೆಟ್ಟಿಲೆಂದು ಎಣಿಸಬೇಡಿ. ಹೋಗಿ ಬಂದ ಮೇಲೆ ಭಕ್ತಿಯ ದಿಕ್ಕು ಬದಲಾಗಿದ್ದರೂ ಚಿಂತೆಯಿಲ್ಲ. ಮನೆ ಬಿಟ್ಟಿದೆಯೇ, ಅದನ್ನು ನೋಡಿಕೊಳ್ಳಿ.