ಬಾಲ ಇದ್ದವರ ಸಾಲು

ಬೇಸಿಗೆ ರಜೆಯಲ್ಲಿ ಮಗಳು ಒಂದು ಲೋಕ ಕಟ್ಟುತ್ತಿದ್ದಾಳೆ. ವಸ್ತ್ರಾಪುರದ ನಮ್ಮ ಫ್ಲ್ಯಾಟಿನ ಗೋಡೆಗೆ ಡ್ರಾಯಿಂಗ್ ಹಾಳೆ ಅಂಟಿಸಿ, ಅಲ್ಲಿಯ ಜನರನ್ನು ಮೈಕಟ್ಟಿನ ಪ್ರಕಾರ ಸಾಲು ಮಾಡಿದ್ದಾಳೆ. ಬಾಲ ಇದ್ದವರು ವಾನರರು, ಕೋರೆಹಲ್ಲಿನವರು ರಾಕ್ಷಸರು, ಕುದುರೆಮುಖದವರು ಕಿನ್ನರರು, ಸೊಂಟದ ಕೆಳಗೆ ಹಾವಾದವರು ನಾಗರು. ಪಕ್ಕದಲ್ಲಿ 'ಸ್ವಭಾವ' ಅಂತ ಇನ್ನೊಂದು ಕಾಲಂ. ವಾನರರು ತುಂಟರು, ರಾಕ್ಷಸರು ಕೆಟ್ಟವರು.

ಮೊನ್ನೆ ಅಲ್ಲೇ ತಡವರಿಸಿದಳು. "ಅಪ್ಪಾ, ಹನುಮಂತನಿಗೆ ಬಾಲ ಇದೆ. ಆದ್ರೆ ವ್ಯಾಕರಣಾನೂ ಬರ್ತದೆ ಅಂದಿದ್ಯಲ್ಲ, ಅವನನ್ನ ಎಲ್ಲಿ ಹಾಕ್ಲಿ?"

ವಾಲ್ಮೀಕಿಯಲ್ಲಿ ರಾಮ ಹನುಮಂತನನ್ನು ಮೆಚ್ಚುವುದು ಅವನ ಮಾತು ಕೇಳಿ. ಆಗ ಹನುಮಂತ ಭಿಕ್ಷುವಿನ ರೂಪದಲ್ಲಿದ್ದ. ಜೈನರು ಇನ್ನೂ ಮುಂದೆ ಹೋದರು. ನಮ್ಮ ನಾಗಚಂದ್ರ, ಇಲ್ಲಿ ಗುಜರಾತಿನ ಹೇಮಚಂದ್ರ ಹೇಳಿದ ಆ ರಾಮಕಥೆಯ ಪರಂಪರೆಯಲ್ಲಿ ವಾನರರು ಕೋತಿಗಳಲ್ಲ, ಕೋತಿಯನ್ನು ಲಾಂಛನವಾಗಿ ಹೊತ್ತ ವಿದ್ಯಾಧರ ಕುಲ. ರಾವಣನಿಗೂ ಇದ್ದದ್ದು ಒಂದೇ ತಲೆ. ಕೊರಳ ಹಾರದ ಒಂಬತ್ತು ಮಣಿಗಳಲ್ಲಿ ಮುಖ ಪ್ರತಿಫಲಿಸಿ ದಶಮುಖನಾದ.

ಇದನ್ನೆಲ್ಲ ಅವಳಿಗೆ ಹೇಳುತ್ತಿದ್ದಾಗ ನನಗೆ ಯಲ್ಲಾಪುರದ ಕಡೆಯ ನಮ್ಮ ಶಾಲೆ ನೆನಪಾಯಿತು. ಗ್ಯಾದರಿಂಗಿಗೆ ಯಕ್ಷಗಾನ ಆಡುವುದೆಂದಾಗ, ರಾಕ್ಷಸನ ಬಣ್ಣದ ವೇಷಕ್ಕೆ ಎಲ್ಲರೂ ತೋರಿಸಿದ್ದು ಸಿದ್ದಿ ಹುಡುಗನನ್ನು. "ನಿಂಗೆ ಬಣ್ಣವೇ ಬ್ಯಾಡ ಮಾರಾಯ" ಅಂದವನು ನಾನು. ಎಲ್ಲರೂ ನಕ್ಕರು, ಅವನೂ ನಕ್ಕ. ಭಾಗವತರ ಪದಗಳು ನಮಗಿಂತ ಚೆನ್ನಾಗಿ ಅವನಿಗೆ ಬರುತ್ತಿದ್ದವು. ಹಾಡ್ತೀಯಾ ಅಂತ ಯಾರೂ ಕೇಳಲಿಲ್ಲ. ಮರುವರ್ಷ ಅವನು ಹೆಸರು ಕೊಡಲಿಲ್ಲ.

ಅಹಮದಾಬಾದಿಗೆ ಬಂದ ಹೊಸದರಲ್ಲಿ ಲಾಲ್ ದರ್ವಾಜದ ಸಿದಿ ಸೈಯದ್ ಮಸೀದಿಯ ಕಲ್ಲಿನ ಜಾಲಿ ನೋಡಲು ಹೋಗಿದ್ದೆ. 1572-73ರಲ್ಲಿ ಅದನ್ನು ಕಟ್ಟಿಸಿದವನು ಆಫ್ರಿಕಾ ಮೂಲದವನು. ಗಿಡದ ಕೊಂಬೆಗಳು ಒಂದಕ್ಕೊಂದು ಹೆಣೆದುಕೊಂಡ ಆ ಕಿಟಕಿಯೆದುರು ನಿಂತಾಗ ನಾನಂದ ಮಾತು ನನಗೇ ಕೇಳಿಸಿತು.

ಹಾಗಂತ ಸಾಲು ಮಾಡುವುದೇ ತಪ್ಪೇ? 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಪಟ್ಟಿಯಲ್ಲಿ ಹೆಸರಿಲ್ಲದೆ ಮೀಸಲಾತಿಯಿಲ್ಲ. ಆ ಪಟ್ಟಿ ಅವರಿಗೆ ಸಲ್ಲಬೇಕಾದದ್ದು ಏನೆಂದು ಹೇಳುತ್ತದೆ. ಶಾಲೆಯಲ್ಲಿ ನಾವು ಮಾಡಿದ ಪಟ್ಟಿ ಅವನು ಏನಾಗಬಹುದು, ಏನಾಗಬಾರದು ಎಂದು ತೀರ್ಮಾನಿಸಿತ್ತು. ಕಲ್ಪನೆಯ ಲೋಕವಾದರೂ ಅಷ್ಟೆ. ಬಾಲ, ಕೋರೆಹಲ್ಲು ಬರೆದರೆ ಯಾರಿಗೂ ನೋವಿಲ್ಲ. ಅದರಿಂದ ಸ್ವಭಾವವನ್ನು ಊಹಿಸಿ ಪಕ್ಕದ ಕಾಲಂ ತುಂಬುತ್ತೇವಲ್ಲ, ಕೇಡು ಅಲ್ಲಿ ಶುರುವಾಗುತ್ತದೆ.

"ಹನುಮಂತ ಬಾಲದ ಸಾಲಲ್ಲೇ ಇರ್ಲಿ ಪುಟ್ಟಿ, ಸ್ವಭಾವದ ಕಾಲಂ ಖಾಲಿ ಬಿಡು" ಅಂದೆ.

ಅವಳು ರಬ್ಬರ್ ಹಿಡಿದು ಯೋಚಿಸಿದಳು. "ಹಾಗಾದ್ರೆ ವಿಭೀಷಣಂದೂ ಅಳಿಸ್ಬೇಕು."

ಅಳಿಸಿದಳು. ಆ ಹುಡುಗನ ಕತೆಯನ್ನು ಅವಳಿಗೆ ಇನ್ನೂ ಹೇಳಿಲ್ಲ.